ಪರ್ಸಿಯ ಇನ್ನೊಂದು ತುದಿ

ರಾವೂರ
೧೧-೮-೨೦೨೫, ಸೋಮವಾರ

ಜೈತುನ್ ಆಪಾಗೆ ಶಿವಕಾಂತಮ್ಮನ ಶರಣು.

ಇವತ್ತು ಶ್ರಾವಣದ ಮೂರನೆಯ ಸೋಮವಾರ, ನನಗೆ ಒಪ್ಪತ್ತು. ನಸುಕಿನಲ್ಲಿ ಎದ್ದು ಅಂಗಳ ಗುಡಿಸಿ, ನಳ ಬಂದಿತ್ತೆಂದು ಎರಡು ಹಂಡೆ ತುಂಬಿ, ಮನೆಯವರಿಗೆ ರೊಟ್ಟಿ ಬಡಿದಿಟ್ಟು, ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ. ಮನೆಯವರು ಡ್ಯೂಟಿಗೆ ಹೋದರು, ನಾನು ಕೆಲಸಕ್ಕೆ ರಜೆ ಹಾಕಿದ್ದೇನೆ. ಈಗ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸಂಜೆ ಮಠದ ಗಂಟೆ ಬಾರಿಸುವವರೆಗೆ ಬಾಯಿಗೆ ಏನೂ ಇಲ್ಲ, ಹಾಗಾಗಿ ಬೇಕಾದಷ್ಟು ಹೊತ್ತಿದೆ.

ತಡವಾಯಿತು ಆಪಾ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಮಗಳು ತಾಜುನ್ನಿಸಾಳ ಮನೆಗೆಂದು ಚಿಂಚೋಳಿಗೆ ಹೋಗಿ ಹತ್ತು ತಿಂಗಳಾಯಿತು, ಒಂದು ಸಾಲು ಬರೆಯಲಿಲ್ಲ ನಾನು. ಫೋನಿನಲ್ಲಿ ನೀನು 'ಹಾಂ ಹಾಂ' ಅನ್ನುತ್ತೀ, ನಾನು 'ಆರಾಮ, ಆರಾಮ' ಅನ್ನುತ್ತೇನೆ, ಅಷ್ಟಕ್ಕೇ ಮುಗಿಯುತ್ತದೆ.

ಹೋದ ಮಂಗಳವಾರ ನಿನ್ನ ಅಣ್ಣನ ಮಗ ಬಂದೇಅಲಿ ಚಿಂಚೋಳಿಯಲ್ಲಿ ಪರ್ಸಿಕಲ್ಲು ಇಳಿಸಿ, ಖಾಲಿ ಟೆಂಪೋ ತಂದು ನಮ್ಮ ಬಾಗಿಲ ಮುಂದೆಯೇ ನಿಲ್ಲಿಸಿದ. ಚಹಾ ಕುಡಿಯುತ್ತ, ಥೇಟ್ ನಿನ್ನ ಹಾಗೆಯೇ ಕೈ ಬೀಸಿ ಹೇಳಿದ: "ಶಿವಕ್ಕಾ, ಚಿಂಚೋಳಿ ಫುಪ್ಪು ಕೇಳ್ಯಾಳ್ರಿ. ಎತ್ತೋದು ಯಾಕ ಬಿಟ್ಟಿ ಅಂತ. ನನ್ನ ಕೈ ಅಂತೂ ಸೋತು ಹೋದ್ವು, ನಿನ್ನ ಕೈ ಇನ್ನಾ ಗಟ್ಟಿ ಅದಾವ, ನನ್ನ ಪಾಲಿಂದೂ ನೀನೇ ಎತ್ತು ಅಂತ ಹೇಳ್ಯಾಳ್ರಿ."

ತಾಜುನ್ನಿಸಾಳಿಗೆ ಹೆಣ್ಣು ಕೂಸು ಹುಟ್ಟಿದ್ದನ್ನೂ ಅವನೇ ಹೇಳಿದ. ನೀನು ಕೂಸನ್ನು ಎತ್ತಿಕೊಳ್ಳುವುದಿಲ್ಲವಂತೆ. ತೊಟ್ಟಿಲ ಬಳಿ ಕುಳಿತು ತೂಗುತ್ತೀಯಂತೆ, ತೊಡೆಯ ಮೇಲೆ ಹಾಕಲು ಬಂದರೆ, "ಬ್ಯಾಡವ್ವಾ, ನನ್ನ ಕೈ ನಂಬಬ್ಯಾಡ್ರಿ, ಜಾರತಾವ" ಅಂದು ಹಿಂದೆ ಸರಿಯುತ್ತೀಯಂತೆ. ಅದನ್ನು ಹೇಳುವಾಗ ಬಂದೇಅಲಿ ನಗುತ್ತಿದ್ದ. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅವನು ಕುಡಿದ ಕಪ್ಪು ತೊಳೆದಿಟ್ಟೆ.

ಯಾಕೆ ಬಿಟ್ಟೆ ಎಂದು ಕೇಳಿದೆಯಲ್ಲ, ಬರೆಯುತ್ತೇನೆ. ಇದನ್ನು ನಿನಗೆ ಓದಿ ಹೇಳುವವಳು ಮೊಮ್ಮಗಳು ಅಲ್ಮಾಸ್. ಅವಳಿಗೆ ಹಿಂದಿನದು ತಿಳಿಯಲಿ ಎಂದು ಮೊದಲಿನಿಂದ ಹೇಳಬೇಕು.

ಕೇಳು ಅಲ್ಮಾಸ್. ನಿನ್ನ ನಾನಿ ಮತ್ತು ನಾನು ಶಹಾಬಾದಿನ ಪಾಲಿಶ್ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಜೋಡಿ. ಪರ್ಸಿಕಲ್ಲಿನ ಒಂದು ತುದಿ ಅವಳದು, ಒಂದು ತುದಿ ನನ್ನದು, ಎತ್ತಿ ಲಾರಿಗೆ ಏರಿಸುವುದು ಕೆಲಸ. ನಾಲ್ಕು ವರ್ಷದ ಹಿಂದೆ ವಾಡಿಯ ಶಾಲೆಯ ಆಟದ ಮಾಸ್ತರ ಅಂಬರೇಶ ತನ್ನ ಮನೆಗೆ ಕಲ್ಲು ಕೊಳ್ಳಲು ಕಾರ್ಖಾನೆಗೆ ಬಂದವನು, ಕಲ್ಲು ಆರಿಸುವುದು ಬಿಟ್ಟು ನಮ್ಮನ್ನೇ ನೋಡುತ್ತ ನಿಂತ. "ಅಕ್ಕಾ, ನಿಮ್ಮ ವಯಸ್ಸಿನವರಿಗೂ ಭಾರ ಎತ್ತೋ ಸ್ಪರ್ಧಾ ಇರ್ತಾವ್ರಿ. ವಾಡಿಯೊಳಗ ನಂದೊಂದು ಹಾಲ್ ಅದ, ಬರ್ರಿ, ಕಲಸ್ತೀನಿ" ಅಂದ. ನಾನು ಸೆರಗು ಬಾಯಿಗಿಟ್ಟು ನಕ್ಕೆ. ನಿನ್ನ ನಾನಿ ನನ್ನ ಬೆನ್ನಿಗೊಂದು ಗುದ್ದಿ, "ಹೋಗೇ ಕಾಂತಿ. ಇಲ್ಲಿ ಎತ್ತಿದ್ರ ಮುಕಾದಮ ಬೈತಾನ, ಅಲ್ಲಿ ಎತ್ತಿದ್ರ ಮಂದಿ ಚಪ್ಪಾಳಿನಾರ ಹೊಡಿತಾರ" ಅಂದಳು.

ಹೋದೆ. ದಿನದ ಕೆಲಸ ಮುಗಿದ ಮೇಲೆ ಟಂಟಂ ಆಟೋ ಹತ್ತಿ ವಾಡಿಗೆ ಹೋಗುವುದು, ರಾಡಿಗೆ ಕಬ್ಬಿಣದ ಪ್ಲೇಟು ಏರಿಸಿ ನೆಲದಿಂದ ಸೊಂಟದವರೆಗೆ ಎತ್ತುವುದು, ಕೈಗೆ ಸುಣ್ಣದಂಥ ಪುಡಿ ಹಚ್ಚಿಕೊಳ್ಳುವುದು. ಅರವತ್ತು ಕಿಲೋದಿಂದ ಶುರುವಾದದ್ದು ನೂರಕ್ಕೆ ಬಂತು. ಆಪಾ ದಿನಾ ಡಬ್ಬಿಯಲ್ಲಿ ನನ್ನ ಪಾಲಿನ ಶೇಂಗಾ ಉಂಡೆ ತರುತ್ತಿದ್ದಳು. "ನಮ್ಮ ಪೈಲ್ವಾನಳಿಗೆ ಮೊದ್ಲು ಜಾಗಾ ಬಿಡ್ರೇ" ಎಂದು ಉಣ್ಣುವ ಹೊತ್ತಿಗೆ ಎಲ್ಲರನ್ನೂ ಸರಿಸುತ್ತಿದ್ದಳು. ಆ ದಿನಗಳಲ್ಲಿ ನನಗೆ ನಿದ್ದೆಯಲ್ಲೂ ರಾಡು ಕೈಯಲ್ಲಿರುತ್ತಿತ್ತು.

ಹೋದ ಸೆಪ್ಟೆಂಬರಿನಲ್ಲಿ ಪರ್ಸಿ ಜಾರಿ ನಿನ್ನ ಎಡಗಾಲ ಮೇಲೆ ಬಿತ್ತು ಆಪಾ. ಮೂರು ಬೆರಳು ತೆಗೆದರು. ಅದಾದ ಎಂಟನೆಯ ದಿನಕ್ಕೆ ನನ್ನ ಸ್ಪರ್ಧೆ. ನಾನು ಹೋಗುವುದಿಲ್ಲವೆಂದರೆ ನೀನು ಆಸ್ಪತ್ರೆಯ ಮಂಚದ ಮೇಲಿಂದಲೇ ಚಪ್ಪಲಿ ಹುಡುಕಿದೆ, ನನಗೆ ಹೊಡೆಯಲಿಕ್ಕೆ. ಹೋದೆ. ನೂರಾ ಹತ್ತು ಎತ್ತಿದೆ, ಎರಡನೆಯ ನಂಬರು ಬಂತು, ಕೊರಳಿಗೆ ಪದಕ ಹಾಕಿದರು.

ಅಲ್ಲಿಂದ ಈಚೆಗೆ ಏನೂ ಅನ್ನಿಸುವುದಿಲ್ಲ. ಎತ್ತಲಿಕ್ಕೆ ಆಗುತ್ತಿರಲಿಲ್ಲ ಅಂತಲ್ಲ. ಹಾಲ್‌ಗೆ ಹೋಗುತ್ತಿದ್ದೆ, ಎತ್ತುತ್ತಿದ್ದೆ, ಇಳಿಸುತ್ತಿದ್ದೆ. ಅಂಬರೇಶ ಪುಸ್ತಕದಲ್ಲಿ ನಂಬರು ಬರೆದುಕೊಳ್ಳುತ್ತಿದ್ದ. ಎತ್ತಿದವಳು ನಾನು ಅನ್ನಿಸುತ್ತಿರಲಿಲ್ಲ. ಒಂದು ದಿನ ರಾಡು ಹಿಡಿದು ಬಗ್ಗಿದವಳು ಹಾಗೆಯೇ ಬಗ್ಗಿಕೊಂಡಿದ್ದೆನಂತೆ. "ಅಕ್ಕಾ, ಏನಾರ ಕಳದದೇನ್ರಿ ನೆಲದ ಮ್ಯಾಲ?" ಎಂದು ಅವನು ಕೇಳಿದ ಮೇಲೆ ಎದ್ದು ನಿಂತೆ. ಚಿತ್ತಾಪುರದ ಡಾಕ್ಟರರಿಗೆ ತೋರಿಸಿದರೆ ರಕ್ತ ಚೆನ್ನಾಗಿದೆ, ಬಿ.ಪಿ. ಇಲ್ಲ ಅಂದರು. ದೇವರ ಜಗುಲಿಯ ಮೇಲಿಟ್ಟಿದ್ದ ಪದಕವನ್ನು ತೆಗೆದು ಟ್ರಂಕಿಗೆ ಹಾಕಿದೆ. ಪೂಜೆಗೆ ಕುಳಿತರೆ ದೇವರಿಗಿಂತ ಮೊದಲು ಅದೇ ಕಾಣುತ್ತಿತ್ತು.

ಯುಗಾದಿಗೆ ಪೂರ್ತಿ ಬಿಟ್ಟೆ. ಕಾರ್ಖಾನೆಯಲ್ಲೂ ಈಗ ಎತ್ತುವ ಕೆಲಸವಿಲ್ಲ, ಪಾಲಿಶ್ ಮಷಿನಿಗೆ ನೀರು ಬಿಡುತ್ತೇನೆ. ಮೈ ಕೆಡಬಾರದೆಂದು ವಾರಕ್ಕೆ ಮೂರು ದಿನ ಬೆಳಿಗ್ಗೆ ಅದೇ ಹಾಲ್‌ಗೆ ಹೋಗಿ ಹಗುರ ವ್ಯಾಯಾಮ ಮಾಡಿ ಬರುತ್ತೇನೆ. ಸಕ್ಕರೆ ಕಾಯಿಲೆಯ ಮಾಳಮ್ಮ, ಟೇಲರ್ ಜಬೀನಾ, ನಾನು. ಎರಡೆರಡು ಕಿಲೋದ ಗುಲಾಬಿ ಬಣ್ಣದ ಡಂಬೆಲ್ಸು. ಮೊದಲ ದಿನ ಅದನ್ನು ನನ್ನ ಕೈಯಲ್ಲಿ ನೋಡಿ ಮಾಳಮ್ಮ, "ಯವ್ವಾ, ಪರ್ಸಿ ಎತ್ತೋ ಕೈಯಾಗ ಇದೇನೇ ಕೂಸಿನ ಗಿಲಕಿ!" ಅಂದಳು. ಜಬೀನಾ, "ಸುಮ್ನಿರ್ರಿ ಮಾಳಕ್ಕಾ, ನಿಮಗ ಆ ಗಿಲಕಿ ಎತ್ತಿದ್ರ ತೇಕು ಬರ್ತದ" ಅಂದಳು. ಇಬ್ಬರೂ ನಕ್ಕರು, ಅವರು ನಕ್ಕರೆಂದು ನಾನೂ ನಕ್ಕೆ. ಇಪ್ಪತ್ತು ಸಲ ಮೇಲೆ, ಇಪ್ಪತ್ತು ಸಲ ಕೆಳಗೆ. ಆಮೇಲೆ ಸ್ಟೇಷನ್ನಿನವರೆಗೆ ನಡೆದು ಬರುತ್ತೇವೆ. ಯಾರೂ ನಂಬರು ಬರೆಯುವುದಿಲ್ಲ. ಹೊತ್ತು ಹೋಗುತ್ತದೆ.

ಮೊನ್ನೆ ಅಂಬರೇಶ ಮನೆಗೇ ಬಂದಿದ್ದ. ದಸರೆಯ ನಂತರ ಸೇಡಂನಲ್ಲಿ ಸ್ಪರ್ಧೆಯಿದೆಯಂತೆ, ಶುಕ್ರವಾರದೊಳಗೆ ಹೆಸರು ಕೊಡಬೇಕಂತೆ. "ತಾಕತ್ತು ಎಲ್ಲಿಗೂ ಹೋಗಿಲ್ರಿ ಅಕ್ಕಾ. ಮನಸ್ಸು ಎಲ್ಲಿಟ್ಟೀರಿ ಅಷ್ಟ ಹೇಳ್ರಿ, ನಾನೇ ಹೋಗಿ ತರ್ತೀನಿ" ಅಂದ. ಒಳ್ಳೆಯ ಹುಡುಗ. ವಯಸ್ಸಾಯಿತಪ್ಪಾ ಎಂದು ಹೇಳಿ ಕಳಿಸಿದೆ. ಮನೆಯವರಿಗೆ ಸೊಂಟ ನೋವು ಎಂದು ಹೇಳಿದ್ದೇನೆ. "ಬಿಟ್ಟಿದ್ದು ಚಲೋ ಆಯ್ತು ಬಿಡು, ಇನ್ನಾರ ರೊಟ್ಟಿ ಬಿಸಿ ಸಿಗ್ತಾವ" ಅಂದರು. ಮಠದ ಅಜ್ಜನವರಿಗೆ, ಸಾಕೆನ್ನಿಸಿತು ಬುದ್ಧೀ ಅಂದೆ.

ನಿನಗೂ ಇವುಗಳಲ್ಲಿ ಒಂದನ್ನು ಬರೆಯಬಹುದು ಎಂದುಕೊಂಡೇ ಕುಳಿತೆ. ಸದ್ಯಕ್ಕೆ ಸಾಕೆನ್ನಿಸಿತು ಎಂದೇ ಇರಲಿ.

ನಿನ್ನ ಕಾಲಿಗೆ ಚಳಿಗಾಲ ಬರುವ ಮೊದಲೇ ಎಣ್ಣೆ ಹಚ್ಚಿಸಿಕೊಳ್ಳಲು ಶುರುಮಾಡು. ತಾಜುನ್ನಿಸಾ ಬಾಣಂತಿ, ತಣ್ಣೀರು ಮುಟ್ಟಗೊಡಬೇಡ. ಕೂಸಿಗೆ ನೂರು ವರ್ಷ ಆಯುಷ್ಯವಿರಲಿ. ಅಲ್ಮಾಸ್‌ಗೆ ವಿದ್ಯೆ ಹತ್ತಲಿ. ನಿಮ್ಮ ಮನೆಯ ಒಲೆ ಯಾವತ್ತೂ ತಣ್ಣಗಾಗದಿರಲಿ ಎಂದು ಶರಣಪ್ಪನಲ್ಲಿ ಬೇಡಿಕೊಂಡಿದ್ದೇನೆ.

ನಿನ್ನ
ಶಿವಕಾಂತಮ್ಮ

ತಾ.ಕ.: ಸಹಿ ಹಾಕಿ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಅಲ್ಮಾಸ್, ಇದನ್ನೂ ಓದಬೇಕು ಮಗಾ. ನಾನಿಗೆ ನೋವಾದೀತೆಂದು ಬಿಡಬೇಡ, ಗಟ್ಟಿಯಾಗಿ ಓದು.

ಆಪಾ, ನಿನ್ನ ಕೈ ಜಾರಲಿಲ್ಲ.

ಪರ್ಸಿ ಹಿಡಿದ ಮೇಲೆ ನೀನು 'ಬಿಸ್ಮಿಲ್ಲಾ' ಅನ್ನಬೇಕು, ನಾನು 'ಶರಣಪ್ಪಾ' ಅನ್ನಬೇಕು, ಎರಡೂ ಆದ ಮೇಲೆ ಎತ್ತಬೇಕು. ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪಲಿಲ್ಲ. ಆ ದಿನ ನೀನು ಒಂದು ಕೈ ಬಿಟ್ಟು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದೆ, ಬಿಸ್ಮಿಲ್ಲಾ ಇನ್ನೂ ಅಂದಿರಲಿಲ್ಲ. ಉಸಿರು ಹಿಡಿದು ಒಂದೇ ಪಟ್ಟಿಗೆ ಎತ್ತಬೇಕು, ಯಾರ ಮುಖವನ್ನೂ ನೋಡಬಾರದು ಎಂದು ಹಾಲ್‌ನಲ್ಲಿ ಕಲಿತದ್ದು ನನ್ನ ಮೈಯಲ್ಲಿ ಕುಳಿತಿತ್ತು. ನಾನು ನಿನಗೆ ಕಾಯಲಿಲ್ಲ. ನನ್ನ ತುದಿ ಮೇಲೆದ್ದಿತು, ಭಾರವೆಲ್ಲ ನಿನ್ನ ಕಡೆ ಹೋಯಿತು.

ಮುಕಾದಮ ಓಡಿ ಬಂದು, "ಯಾರ ಕೈ ಜಾರಿತು?" ಎಂದ. "ಆಪಾಂದು" ಅಂದೆ. ಮುದುಕಿಯ ಕೈ ಹಿಡಿತ ಹೋಗಿದೆ, ಮತ್ತೆ ಕೆಲಸಕ್ಕೆ ಬೇಡ ಎಂದು ಕಾರ್ಖಾನೆಯವರು ತೀರ್ಮಾನಿಸಿದ್ದು ಆ ಒಂದು ಮಾತಿನಿಂದ. ಆಸ್ಪತ್ರೆಯಲ್ಲಿ ನೀನು ಕಣ್ಣು ಬಿಟ್ಟವಳೇ, "ಕಾಂತಿ, ನನ್ನ ಕೈ ಜಾರ್ತೇನೇ?" ಎಂದು ಕೇಳಿದೆ. ನಾನು ಹೂಂ ಅಂದೆ. ನಿನ್ನ ಹಣೆ ಒರೆಸುತ್ತ ಹೂಂ ಅಂದೆ. ಸ್ಪರ್ಧೆಯ ದಿನ ರಾಡಿನ ಮುಂದೆ ನಾನೊಬ್ಬಳೇ ಇದ್ದೆ. ಚಪ್ಪಾಳೆ ಹೊಡೆದರು. ಒಂದೂ ಕೇಳಿಸಲಿಲ್ಲ.

ದೇವರ ಮುಂದೆ ಎಷ್ಟೋ ಸೋಮವಾರ ಹೇಳಿದ್ದೇನೆ. ಅವನಿಗೆ ಹೇಳುವುದು ಸುಲಭ, ಅವನ ಕಾಲಿನ ಬೆರಳು ಹೋಗಿಲ್ಲ.

ಕೂಸನ್ನು ಎತ್ತಿಕೋ ಆಪಾ. ನಿನ್ನ ಕೈಗೆ ಏನೂ ಆಗಿಲ್ಲ.

ಬಂದೇಅಲಿ ಇದನ್ನು ನಾಳೆ ತರುತ್ತಾನೆ, ಗುರುವಾರ ವಾಪಸು ಬರುವಾಗ ನಿಮ್ಮ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತಾನೆ. ಉತ್ತರ ಅವನ ಕೈಯಲ್ಲಿ ಕೊಡು, ಇಸಕೊಂಡೇ ಬಾ ಎಂದು ಅವನಿಗೆ ಹೇಳುತ್ತೇನೆ. ಅಲ್ಮಾಸ್, ನಾನಿ ಹೇಗೆ ಬೈಯುತ್ತಾಳೋ ಹಾಗೆಯೇ ಬರೆ. ಒಂದು ಮಾತೂ ತಿದ್ದಬೇಡ.