ಉಂಡೆಯಾಗಿ ಬೀಳಬೇಕು

ಮಂಗಳವಾರ, ಬೆಳಿಗ್ಗೆ ಏಳೂವರೆ
ಆಸ್ಪತ್ರೆ, ಎರಡನೇ ಮಹಡಿ, ಲಿಫ್ಟಿನ ಪಕ್ಕದ ಬೆಂಚು

ಪ್ರೀತಿಯ ಅಕ್ಕಾ,

ಮೊದಲು ಸಾರಿ. ಈ ಮನೆಯಿಂದ ಒಂದು ಸಾಲೂ ನನಗೆ ಬರಬಾರದು ಅಂತ ನೀನು ಹೇಳಿ ಹೋಗಿದ್ದು ಮರೆತಿಲ್ಲ. ಆದರೂ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನಿನ್ನ ನಂಬರು ಎರಡು ವರ್ಷದಿಂದ ರಿಂಗೇ ಆಗುವುದಿಲ್ಲ. ನನ್ನನ್ನೂ ಬ್ಲಾಕ್ ಮಾಡಿದ್ದೀಯೋ, ನಂಬರೇ ಬದಲಾಗಿದೆಯೋ ಅಂತ ಯೋಚಿಸಿ ಯೋಚಿಸಿ, ಎರಡನೆಯದೇ ಇರಲಿ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ. ಹುಟ್ಟುಹಬ್ಬಕ್ಕೆ ನೀನು ಹಾಸ್ಟೆಲಿಗೆ ಕಳಿಸಿದ ಸ್ವೆಟರಿನ ಕವರು ನನ್ನ ಹತ್ತಿರ ಇತ್ತು. ಅದರ ಹಿಂದೆ ನಿನ್ನ ಫ್ಯಾನ್ ಫ್ಯಾಕ್ಟರಿಯ ವಿಳಾಸ. ಕವರು ಯಾಕೆ ಇಟ್ಟುಕೊಂಡಿದ್ದೆ ಅಂತ ಕೇಳಬೇಡ. ನಾನು ಬಸ್ ಟಿಕೆಟ್ಟನ್ನೂ ಎಸೆಯುವವಳಲ್ಲ, ನಿನಗೆ ಗೊತ್ತಲ್ಲ.

ಅಪ್ಪನಿಗೆ ಸ್ಟ್ರೋಕ್ ಆಗಿದೆ. ಇವತ್ತಿಗೆ ಏಳು ವಾರ. ಅಂಗಡಿಯಲ್ಲಿ ಯಾರದೋ ಮಿಕ್ಸಿಯ ತಳ ಬಿಚ್ಚಿ ಕೂತಿದ್ದವರು ಹಾಗೇ ಬಲಕ್ಕೆ ವಾಲಿದರಂತೆ. ಪಕ್ಕದ ಟೈಲರ್ ಆಂಟಿ ನೋಡಿ, ಸ್ಕ್ರೂ ಬಿತ್ತೇನೋ, ಹುಡುಕುತ್ತಿದ್ದಾರೆ ಅಂದುಕೊಂಡರಂತೆ. ಹತ್ತು ನಿಮಿಷ ಹಾಗೇ ಅಂದುಕೊಂಡಿದ್ದರು. ಅದನ್ನು ಈಗಲೂ ದಿನಕ್ಕೊಂದು ಸಲ ಹೇಳಿ ಅಳುತ್ತಾರೆ. ನಾನು ಸಮಾಧಾನ ಮಾಡುತ್ತೇನೆ. ಬಲಗೈ, ಬಲಗಾಲಿನ ಸ್ವಾಧೀನ ಇಲ್ಲ. ಮಾತು ಬಹುತೇಕ ಇಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಪ್ರಾಬ್ಲಮ್ಮು ಯಾರೂ ಊಹಿಸದೇ ಇದ್ದದ್ದು: ನುಂಗುವುದು.

ಇಲ್ಲಿ ನುಂಗುವುದನ್ನೇ ಕಲಿಸುವ ಒಬ್ಬರು ಮೇಡಂ ಇದ್ದಾರೆ. ಅಂಥ ಒಂದು ಕೆಲಸ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅವರು ಒಂದು ಪೇಪರಿನ ಮೇಲೆ ಗಂಟಲಿನ ಚಿತ್ರ ಬರೆದು ತೋರಿಸಿದರು. ಹಿಂದೆ ಅನ್ನದ ದಾರಿ, ಮುಂದೆ ಉಸಿರಿನ ದಾರಿ, ನಡುವೆ ಒಂದು ಬಾಗಿಲು. ಅಪ್ಪನ ಬಾಗಿಲು ಈಗ ನಿಧಾನ. ನೀರು, ಟೀ, ಸಾರು, ತೆಳ್ಳಗಿರುವ ಯಾವುದೂ ಆ ಬಾಗಿಲು ಮುಚ್ಚುವಷ್ಟರಲ್ಲಿ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಗಟ್ಟಿ ಇದ್ದದ್ದು ನಿಧಾನ ಜಾರುತ್ತದೆ, ಅದಕ್ಕೆ ಬಾಗಿಲು ಕಾಯುತ್ತದೆ. "ನೋಡಮ್ಮಾ, ನಿನಗೆ ಒಂದೇ ಟೆಸ್ಟು. ಚಮಚದಲ್ಲಿ ತಗೋ, ಓರೆ ಮಾಡು. ಉಂಡೆಯಾಗಿ ಬೀಳಬೇಕು. ಧಾರೆಯಾಗಿ ಹರಿದರೆ ಕೊಡಬೇಡ. ಪ್ರತಿ ಸಲ, ಕೊಡೋದಕ್ಕೆ ಮುಂಚೆ" ಅಂದರು. ಪ್ರತಿ ಸಲ ಅನ್ನುವಾಗ ಅಪ್ಪನ ಮುಂದೆಯೇ ಚಮಚ ಓರೆ ಮಾಡಿ ತೋರಿಸಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ಡಿಸ್ಚಾರ್ಜ್ ಆದಾಗ ಮನೆಗೆ ನಾನೇ ಬಂದೆ. ಕಾಲೇಜಿನಲ್ಲಿ ಲೀವ್ ಕೊಟ್ಟರು, ಟೆಸ್ಟುಗಳನ್ನು ಆನ್‌ಲೈನ್ ಬರೆ ಅಂದರು. ಅಕ್ಕಾ, ಅಮ್ಮ ತೀರಿಕೊಂಡ ಮೇಲೆ ಎಂಟು ವರ್ಷಕ್ಕೇ ಹಾಸ್ಟೆಲು ಸೇರಿದವಳು ನಾನು, ಮೆಸ್ಸಿನ ತಟ್ಟೆ ತೊಳೆಯುವುದು ಬಿಟ್ಟು ಅಡುಗೆಯ ಯಾವ ಕೆಲಸವೂ ಬರುವುದಿಲ್ಲ. ಮೊದಲ ದಿನ ಗ್ಯಾಸ್ ಹಚ್ಚಿ ಆಫ್ ಮಾಡಿದೆನೋ ಇಲ್ಲವೋ ಅಂತ ಹದಿನೇಳು ಸಲ ಹೋಗಿ ನೋಡಿದೆ. ಅಪ್ಪ ಮಂಚದಿಂದ ನೋಡುತ್ತಿದ್ದರು. ಬಾಯಿ ಸರಿಯಿದ್ದಿದ್ದರೆ "ಫ್ಯೂಸು ಹೋಯ್ತು" ಅನ್ನುತ್ತಿದ್ದರು. ಅವರಿಗೆ ನೀನು ಮೋಟಾರು, ನಾನು ಫ್ಯೂಸು. ನೀನು ನಿಲ್ಲುವುದಿಲ್ಲ, ನಾನು ಒಂಚೂರು ಲೋಡ್ ಬಿದ್ದರೆ ಹೋಗುತ್ತೇನೆ.

ಆಸ್ಪತ್ರೆಯವರು ಕೊಟ್ಟ ಗಟ್ಟಿ ಮಾಡುವ ಪುಡಿಯನ್ನು ಅಪ್ಪ ಉಗಿದರು. ಮೆದು ಮಾಡಿದ ಅನ್ನ ಉಗಿದರು. ಬೇಯಿಸಿ ಅರೆದ ತರಕಾರಿಯನ್ನು ಬಾಯಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತರು. ವಾರಕ್ಕೆ ಎರಡೂವರೆ ಕೆಜಿ ಇಳಿದರು. ಆಗ ನನಗೆ ನೆನಪಾದದ್ದು ನಿನ್ನ ಸ್ಮೂದಿ. ನಾನು ರಜೆಗೆ ಬಂದಾಗ ನೀನು ಮಾಡುತ್ತಿದ್ದೆಯಲ್ಲ, ಅಪ್ಪ ಅಂಗಡಿಯಿಂದಲೇ ಕೂಗಿ "ನನಗೂ ಒಂದ್ ಲೋಟ ಇಡೇ" ಅನ್ನುತ್ತಿದ್ದರಲ್ಲ, ಅದು.

ಮೊದಲ ಸಲದ್ದು ಗೋಂದಿನ ಹಾಗಾಯಿತು. ಎರಡನೆಯದರಲ್ಲಿ ಮಾವಿನ ನಾರು ಸಿಕ್ಕಿ ಅಪ್ಪ ಕೆಮ್ಮಿದರು, ನನ್ನ ಜೀವ ಬಾಯಿಗೆ ಬಂತು. ಆಮೇಲೆ ಕಲಿತೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ ಬಾಳೆಹಣ್ಣು ಎರಡು, ಬಿಲ್ಲೆ ಹೆಚ್ಚಿ ಹಿಂದಿನ ಸಂಜೆಯೇ ಫ್ರೀಜರಿನಲ್ಲಿ ಇಡಬೇಕು. ಕೆನೆಯ ಹಾಗಾಗುವುದು ಅದರಿಂದಲೇ, ಕ್ರೀಮಿನಿಂದಲ್ಲ. ಮಾವನ್ನು ಅರೆದು ಸೋಸಬೇಕು. ಗಟ್ಟಿ ಮೊಸರು ಎರಡು ಚಮಚ. ಸಕ್ಕರೆ ಹಾಕುವ ಹಾಗಿಲ್ಲ, ಅಪ್ಪನಿಗೆ ಶುಗರ್ ಇರುವುದು ಈಗ ಗೊತ್ತಾಯಿತು. ಟೀಗೆ ಮೂರು ಚಮಚ ಹಾಕಿಕೊಳ್ಳುತ್ತಿದ್ದ ಮನುಷ್ಯ! ಅದಕ್ಕೆ ಎರಡೇ ಎರಡು ಖರ್ಜೂರ, ಬಿಸಿನೀರಿನಲ್ಲಿ ನೆನೆಸಿ, ಸಿಪ್ಪೆ ಸುಲಿದು. ಖರ್ಜೂರದ ಸಿಪ್ಪೆ ಸುಲಿಯುವವರನ್ನು ನೀನು ನೋಡಿದ್ದೀಯಾ? ನಾನು ಸುಲಿಯುತ್ತೇನೆ. ಅದು ಗಂಟಲಿಗೆ ಅಂಟುತ್ತದೆ.

ಮನೆಯಲ್ಲಿರುವುದು ನೀನು ಕಾಯಿಲ್ ಸುತ್ತಿದ ಮಿಕ್ಸಿಯೇ. ನಾಲ್ಕನೇ ದಿನವೋ ಐದನೇ ದಿನವೋ ಅದನ್ನು ಆನ್ ಮಾಡಿದಾಗ ಮಂಚದಿಂದ ಒಂದು ಶಬ್ದ ಬಂತು. ಓಡಿಹೋದೆ. ಅಪ್ಪ ಎಡಗೈ ಎತ್ತಿ ಅಡುಗೆಮನೆ ಕಡೆ ತೋರಿಸುತ್ತಾ, ಮುಖವನ್ನೆಲ್ಲ ಒಂದೇ ಕಡೆಗೆ ಎಳೆದು "ಕಾ...ಬನ್" ಅಂದರು. ನನಗೆ ಅರ್ಥ ಆಗಲಿಲ್ಲ. ಇನ್ನೊಂದು ಸಲ, ಸಿಟ್ಟಿನಿಂದ, "ಕಾಬನ್!" ಅಂದರು. ಮಿಕ್ಸಿಯ ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಸವೆದಿದೆ, ಶಬ್ದದಲ್ಲೇ ಗೊತ್ತಾಗಿದೆ. ಸ್ಟ್ರೋಕ್ ಆದ ಮೇಲೆ ಅವರು ಆಡಿದ ಮೊದಲ ಮಾತು ಅದು. ನನ್ನ ಹೆಸರಲ್ಲ, ನಿನ್ನದಲ್ಲ, ಅಮ್ಮನದಲ್ಲ. ನಾನು ನಕ್ಕುಬಿಟ್ಟೆ, ಅವರೂ ಅರ್ಧ ಮುಖದಲ್ಲಿ ನಕ್ಕರು. ಅವತ್ತು ಬಟ್ಟಲು ಪೂರ್ತಿ ತಿಂದರು.

ಕಾರ್ಬನ್ ತರಲು ಅಂಗಡಿಗೆ ಹೋದೆ. ನಿನಗೆ ಒಂದು ಮಾತು ಹೇಳಬೇಕು, ಸುಳ್ಳು ಬೆರೆಸದೆ. ನಿನಗೋಸ್ಕರ ಅಲ್ಲಿ ಏನಾದರೂ ಇರುತ್ತದೆ ಅಂತ ಆಸೆಯಿಂದ ಹುಡುಕಿದೆ. ಅಂಗಡಿಯ ಬೋರ್ಡು ಹಾಗೇ ಇದೆ, ನೀನು ಕೇಳಿದ್ದ ಹಾಗೆ ನಿನ್ನ ಹೆಸರು ಸೇರಿಲ್ಲ. "ಹುಡುಗಿ ಸುತ್ತಿದ ಕಾಯಿಲ್ ಅಂದ್ರೆ ಗಿರಾಕಿ ಹೊಸ್ತಿಲು ತುಳಿಯಲ್ಲ" ಅಂತ ಅವರು ಅಂದದ್ದು, ನೀನು ಸ್ಕ್ರೂಡ್ರೈವರನ್ನು ಟೇಬಲ್ಲಿನ ಮೇಲೆ ಇಟ್ಟು ಹೋದದ್ದು ಎಲ್ಲ ಟೈಲರ್ ಆಂಟಿ ಹೇಳಿದ್ದಾರೆ. ಅದಕ್ಕೆ ಅಪ್ಪ ಪಶ್ಚಾತ್ತಾಪ ಪಟ್ಟ ಗುರುತು ಏನೂ ಸಿಗಲಿಲ್ಲ. ಆದರೆ ನಿನ್ನ ನೋಟ್‌ಬುಕ್ಕು, ಯಾವ ಮೋಟಾರಿಗೆ ಎಷ್ಟು ಸುತ್ತು ಅಂತ ನೀನು ಬರೆದಿಟ್ಟದ್ದು, ಬೆಂಚಿನ ಮೇಲಿನ ಮೊಳೆಗೆ ನೇತುಹಾಕಿತ್ತು. ಪ್ರತಿ ಪುಟದಲ್ಲೂ ಅವರ ಹೆಬ್ಬೆರಳಿನ ಎಣ್ಣೆ. ಎರಡು ವರ್ಷ ಅದನ್ನೇ ನೋಡಿಕೊಂಡು ಕೆಲಸ ಮಾಡಿದ್ದಾರೆ. ಅದರ ಅರ್ಥ ಏನು ಅಂತ ನನಗೆ ಗೊತ್ತಿಲ್ಲ. ಇದ್ದದ್ದನ್ನು ಹೇಳಿದೆ ಅಷ್ಟೆ.

ಮೂರು ವಾರಕ್ಕೆ ಒಂದು ಕೆಜಿ ಏರಿದರು. ಎಡಗೈಯಲ್ಲಿ ಚಮಚ ಹಿಡಿದು ತಾವೇ ತಿನ್ನತೊಡಗಿದರು. ನಾನು ಎದುರು ಕೂತು ಗದ್ದ ಕೆಳಗಿದೆಯಾ, ಒಂದು ತುತ್ತು ಇಳಿದ ಮೇಲೆ ಇನ್ನೊಂದಾ ಅಂತ ನೋಡಬೇಕು, ಅಷ್ಟೇ. ಮೇಡಂ "ಪರವಾಗಿಲ್ವೇ, ಒಳ್ಳೆ ಕೈ ನಿನ್ನದು" ಅಂದರು. ಅಕ್ಕಾ, ಹತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ.

ಹೋದ ಗುರುವಾರ ಸ್ವಲ್ಪ ಕೆಮ್ಮು ಶುರುವಾಯಿತು. ಶನಿವಾರ ಜ್ವರ, ಉಸಿರಾಡಲು ಕಷ್ಟ, ಅಡ್ಮಿಟ್ ಮಾಡಿದೆ. ನ್ಯುಮೋನಿಯಾ. ಸ್ನಾನ ಮಾಡಿಸುವಾಗ ನೀರು ಬಾಯಿಗೆ ಹೋಗಿರಬಹುದು ಅಂತ ಡಾಕ್ಟರಿಗೆ ಹೇಳಿದೆ.

ಮೇಲಿನ ಸಾಲು ಸುಳ್ಳು. ಹರಿದು ಬೇರೆ ಹಾಳೆಯಲ್ಲಿ ಬರೆಯೋಣ ಅಂದುಕೊಂಡೆ. ಬೇಡ, ಇರಲಿ. ಡಾಕ್ಟರಿಗೆ ಹೇಳಿದ ಸುಳ್ಳನ್ನು ನಿನಗೂ ಹೇಳಲು ಹೊರಟಿದ್ದೆ ಅನ್ನುವುದೂ ನಿನಗೆ ಗೊತ್ತಿರಲಿ.

ನಡೆದದ್ದು ಹೀಗೆ. ಬುಧವಾರ ಸಂಜೆಯಿಂದ ಕರೆಂಟು ಇರಲಿಲ್ಲ. ಗುರುವಾರ ಬೆಳಿಗ್ಗೆ ಕರೆಂಟು ಬಂದಾಗ ಬಾಳೆಹಣ್ಣು ಫ್ರೀಜರಿನಲ್ಲಿ ಮೆತ್ತಗೆ ಕೂತಿತ್ತು. ಹತ್ತು ಗಂಟೆಗೆ ನನಗೆ ಆನ್‌ಲೈನ್ ಟೆಸ್ಟು. ಟೈಲರ್ ಆಂಟಿಯ ಮನೆಯಿಂದ ಐಸು ಇಸಕೊಂಡು ಬಂದೆ, ಅವರದು ಡಬ್ಬಲ್ ಬಾಗಿಲಿನ ಫ್ರಿಜ್ಜು, ಒಳಗೆ ಇನ್ನೂ ಕರಗಿರಲಿಲ್ಲ. ಆರು ತುಂಡು ಹಾಕಿ ತಿರುಗಿಸಿದೆ. ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ, ನೊರೆನೊರೆಯಾಗಿ, ಬೆಟ್ಟದ ಹಾಗೆ ನಿಂತಿತ್ತು. ಚಮಚ ಓರೆ ಮಾಡಿದೆ. ಉಂಡೆಯಾಗಿ ಬಿತ್ತು. ಪಾಸ್. ಆಗ ಒಂಬತ್ತೂಕಾಲು. ಅಪ್ಪನಿಗೆ ಕಣ್ಣು ಹತ್ತಿತ್ತು, ಎಬ್ಬಿಸಲಿಲ್ಲ. ಬಟ್ಟಲು ಮುಚ್ಚಿಟ್ಟೆ. ಟೆಸ್ಟು ಮುಗಿದಾಗ ಹನ್ನೊಂದು ಹತ್ತು. ಅಪ್ಪ ಎದ್ದು ಹಸಿವಾಗಿ ನೋಡುತ್ತಿದ್ದರು. ಬಟ್ಟಲನ್ನು ಹಾಗೇ ಕೈಗೆ ಕೊಟ್ಟೆ. ಒಂದು ಸಲ ಪಾಸ್ ಆಗಿತ್ತಲ್ಲ ಅಂತ ಮತ್ತೆ ಚಮಚ ಓರೆ ಮಾಡಲಿಲ್ಲ. ಐಸು ಕರಗಿದರೆ ನೀರು ಅನ್ನುವುದು ಒಂದನೇ ಕ್ಲಾಸಿನ ಮಗುವಿಗೆ ಗೊತ್ತು. ಸೈನ್ಸ್ ಓದುವ ನನಗೆ ಹೊಳೆಯಲಿಲ್ಲ.

ನಿನ್ನೆ ಡಾಕ್ಟರು ಕರೆದು ಕೂರಿಸಿ ಹೇಳಿದರು. ಇನ್ನು ಬಾಯಿಯಿಂದ ಏನೂ ಇಲ್ಲ. ಹೊಟ್ಟೆಗೆ ಸಣ್ಣ ತೂತು ಮಾಡಿ ಟ್ಯೂಬ್ ಹಾಕಬೇಕು, ಅದರಲ್ಲೇ ಆಹಾರ. ಮತ್ತೆ ನುಂಗುವ ದಿನ ಬರುತ್ತದಾ ಅಂದೆ. ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. "ಟ್ಯೂಬ್ ಹಾಕಿದರೆ ಎಷ್ಟೋ ತಿಂಗಳು ಇರಬಹುದು, ಹೀಗೇ. ಹಾಕದಿದ್ದರೆ ಹೆಚ್ಚು ದಿನ ಇಲ್ಲಮ್ಮ. ಮನೇಲಿ ದೊಡ್ಡವರು ಯಾರು?" ಅಂದರು. ಅಪ್ಪ ಜ್ವರದಲ್ಲಿ ಕಣ್ಣು ಬಿಟ್ಟರೂ ಯಾರನ್ನೂ ಗುರುತಿಸುತ್ತಿಲ್ಲ, ಅವರನ್ನು ಕೇಳುವ ಹಾಗಿಲ್ಲ. ನನಗೆ ಹದಿನೆಂಟಾಗಲು ಇನ್ನೂ ನಾಲ್ಕು ತಿಂಗಳು. ನನ್ನ ಸಹಿ ನಡೆಯುವುದಿಲ್ಲ. ದೊಡ್ಡವಳು ನೀನು. ಶುಕ್ರವಾರ ಹನ್ನೊಂದು ಗಂಟೆಗೆ ಹೌದು ಅಥವಾ ಬೇಡ ಅಂತ ಬರೆದು ಸಹಿ ಹಾಕಬೇಕು.

ನಿನಗೆ ಅವರ ಮೇಲೆ ಸಿಟ್ಟಿದ್ದರೆ ಇರಲಿ. ನನ್ನ ಮೇಲೂ ಬಂದರೆ ಬರಲಿ. ಸಿಟ್ಟಿಟ್ಟುಕೊಂಡೇ ಬಾ.

ನರ್ಸ್ ಕರೆಯುತ್ತಿದ್ದಾರೆ. ಮುಗಿಸುತ್ತೇನೆ.

ನಿನ್ನ,
ಫ್ಯೂಸು

ಮರೆತಿದ್ದೆ: ಮರೆತಿರಲಿಲ್ಲ. ಕವರಿಗೆ ಅಂಟು ಹಚ್ಚಿ, ಮತ್ತೆ ಬಿಡಿಸಿದೆ. ಗುರುವಾರ ಬಟ್ಟಲು ಕೈಗೆ ಕೊಟ್ಟು ನಾನು ಎದುರೇ ಕೂತಿದ್ದೆ. ಕಣ್ಣು ಫೋನಿನಲ್ಲಿತ್ತು, ಮಾರ್ಕ್ಸ್ ಬಂದಿದೆಯಾ ಅಂತ. ಆದರೆ ಓರೆಗಣ್ಣಿಗೆ ಕಂಡಿತು. ಅಪ್ಪ ಒಂದು ಚಮಚ ಎತ್ತಿದರು. ಬಾಯಿಗೆ ಇಡಲಿಲ್ಲ. ಮೇಡಂ ಮಾಡುವ ಹಾಗೇ ಬಟ್ಟಲಿನ ಮೇಲೆ ಓರೆ ಮಾಡಿದರು. ಧಾರೆಯಾಗಿ ಹರಿಯಿತು. ಇನ್ನೊಂದು ಸಲ ಎತ್ತಿ ಓರೆ ಮಾಡಿದರು. ಮತ್ತೆ ಧಾರೆ. ಆಮೇಲೆ ನನ್ನನ್ನು ನೋಡಿದರು, ತುಂಬಾ ಹೊತ್ತು. ಅವರು ಆಟ ಆಡುತ್ತಿದ್ದಾರೆ ಅಂದುಕೊಂಡು ನಾನು ತಲೆ ಎತ್ತಲಿಲ್ಲ. ಅವರು ಚಮಚವನ್ನು ಮಂಚದ ಮೇಲೆ ಇಟ್ಟು, ಬಟ್ಟಲನ್ನೇ ಬಾಯಿಗೆ ಎತ್ತಿ ಗಟಗಟ ಕುಡಿದರು, ಆರು ವಾರದಿಂದ ನೀರು ಕಾಣದ ಮನುಷ್ಯನ ಹಾಗೆ. ಕೆಮ್ಮು ನಿಂತ ಮೇಲೆ ಬಟ್ಟಲು ನನ್ನ ಕಡೆ ಚಾಚಿ "ಚೆನಾಗ್..." ಅಂದರು.

ಬರೀ ಬಾಯಾರಿಕೆಯೋ, ಅಥವಾ ಗೊತ್ತಿದ್ದೇ ಕುಡಿದರೋ, ನನಗೆ ತಿಳಿಯುತ್ತಿಲ್ಲ ಅಕ್ಕಾ. ಇದನ್ನು ಡಾಕ್ಟರಿಗೂ ಹೇಳಿಲ್ಲ, ಆಂಟಿಗೂ ಹೇಳಿಲ್ಲ. ನೀನು ಅವರ ಪಕ್ಕ ಬೆಂಚಿನಲ್ಲಿ ಏಳು ವರ್ಷ ಕೂತವಳು. ನಿನಗೆ ಗೊತ್ತಾಗುತ್ತದೆ. ಸಹಿ ಹಾಕುವ ಮುಂಚೆ ನಿನಗೆ ಇದು ಗೊತ್ತಿರಬೇಕು ಅನ್ನಿಸಿತು.

ಟೈಲರ್ ಆಂಟಿಯ ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ. ಇವತ್ತೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಕಾಗದ ಸಿಕ್ಕಿದ ತಕ್ಷಣ ಬಾ, ಬರಲಾಗದಿದ್ದರೆ ಫೋನ್ ಮಾಡು. ದಯವಿಟ್ಟು ಬೇಗ ಉತ್ತರ ಕೊಡು.