ಕತ್ತರಿಸಿ ಎಸೆದ ಅಳು

ಮದರಾಸು, 1946

ಆಡಕಿಯ ಅಣ್ಣ ಕಲ್ಯಾಣಪ್ಪನಿಗೆ ತಂಗಿ ಶಿವಕಾಂತಾಳ ಶರಣು.

ಅವ್ವ ಲಿಂಗೈಕ್ಯಳಾದ ಸುದ್ದಿ ಸೇಡಂನಿಂದ ಬಂದ ಬಟ್ಟೆ ವ್ಯಾಪಾರಿಯಿಂದ ತಿಳಿಯಿತು. "ಸಿನಿಮಾದಾಕಿ ಬಂದ್ರ ಮಣ್ಣಿಗಿ ಯಾರೂ ಬರಂಗಿಲ್ಲ" ಅಂದು ನೀನು ನನಗೆ ಸುದ್ದಿ ಕಳಿಸಲಿಲ್ಲವಂತೆ. ಸಿಟ್ಟು ಬಂತು. ಈಗ ಹೇಳಿ ಏನು?

ತಮಿಳು, ತೆಲುಗು ಚಿತ್ರಗಳಲ್ಲಿ ಅಕ್ಕನಾಗಿ, ನಾದಿನಿಯಾಗಿ ಅಳುವುದೇ ನನ್ನ ಕೆಲಸ. ಸುದ್ದಿ ತಿಳಿದ ಮರುದಿನವೇ ತೆಲುಗು ಚಿತ್ರದ ಶೂಟಿಂಗ್ ಇತ್ತು. ಸತ್ತ ತಾಯಿಯ ಮೇಲೆ ಬಿದ್ದು 'ಅಮ್ಮಾ' ಎಂದು ಅಳಬೇಕಿತ್ತು. ನನ್ನ ಬಾಯಿಂದ "ಯವ್ವಾ, ನನಗ ಬಿಟ್ಟು ಹೋದೆಲ್ಲಬೇ" ಎಂದು ಬಂತು. ಕ್ಯಾಮೆರಾದವನೂ ಕಣ್ಣೊರೆಸಿಕೊಂಡ. ಆದರೆ ಡೈರೆಕ್ಟರು, ಈ ಭಾಷೆ ನಡೆಯುವುದಿಲ್ಲ, ಇನ್ನೊಮ್ಮೆ ಅಂದರು. ಎರಡನೆಯ ಸಲ ಮಾತು ತಪ್ಪಲಿಲ್ಲ, ಕಣ್ಣೀರೂ ಬರಲಿಲ್ಲ. ಕಣ್ಣಿಗೆ ಗ್ಲಿಸರಿನ್ ಹಚ್ಚಿ ನೀರು ಬರಿಸಿದರು.

ಚಿತ್ರ ನಿಮ್ಮ ಕಡೆ ವಾಡಿಯ ಟೆಂಟ್ ಸಿನಿಮಾಕ್ಕೂ ಬಂದೀತು. ನೋಡಿದವರು, ನಿನ್ನ ತಂಗಿ ಅವ್ವನನ್ನೇ ನೆನೆದು ಅತ್ತಳು ಅಂದರೆ, ಅಲ್ಲ ಅನ್ನು. ಆ ಅಳುವನ್ನು ಕತ್ತರಿಸಿ ಎಸೆದರು.

ಒಂದು ಕೆಲಸ ಮಾಡು. ಅವ್ವ ಹೊದೆಯುತ್ತಿದ್ದ ಕೌದಿಯನ್ನು ಪಾರ್ಸಲ್ ಮಾಡಿ ಕಳಿಸು. ನನ್ನ ಹೆಸರು ಬರೆಯಲು ನಾಚಿಕೆಯಾದರೆ, ನಾನಿರುವ ಮನೆಯ ಒಡತಿ ಜಾನಕೀಬಾಯಿಯ ಹೆಸರು ಬರೆ. ಕೌದಿ ಹರಿದಿದ್ದರೂ ಚಿಂತೆಯಿಲ್ಲ.

ಒಗೆಯಬೇಡ ಮಾತ್ರ, ಅಣ್ಣಾ.

ನಿನ್ನ ತಂಗಿ,
ಶಿವಕಾಂತಾ