ಬಾಗಿಲಾಚೆಯ ತಟ್ಟೆ

ಅವ್ವಾ,

ನಿನ್ನನ್ನು ಒಯ್ದ ಗರ್ಭಕಂಠದ ಕ್ಯಾನ್ಸರಿಗೆ ಇವತ್ತು ವಿಮಾನಪುರದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಂಡೆ. ಸಣ್ಣ ಬ್ರಷ್ಷಿನಿಂದ ಒಂದಿಷ್ಟು ದ್ರವ ತೆಗೆದರು, ಅಷ್ಟೇ.

"ಮುಟ್ಟು ನಿಂತ್ಮೇಲೂ ರಕ್ತ ಹೋದ್ರೆ ಸುಮ್ನಿರ್ಬೇಡಿ, ಬಂದ್ಬಿಡಿ" ಎಂದರು ನರ್ಸ್ ರಮ್ಯ.

ಕಣ್ಣು ಮುಚ್ಚಿದೆ. ಮೇಲೆಲ್ಲೋ ವಿಮಾನವೊಂದರ ಸದ್ದು ನಿಧಾನವಾಗಿ ತೇಲಿಹೋಯಿತು. ಅರವತ್ತರ ವಯಸ್ಸಿನಲ್ಲಿ ನೀನು "ಮತ್ತ ಹೊರಗಾಗೀನಿ ನೋಡ ಗಂಗಾ, ಹರೇ ತಿರುಗಿ ಬಂತು" ಎಂದು ನಗುತ್ತ, ಬೇರೆ ತಟ್ಟೆ ಹಿಡಿದು ನಮ್ಮ ಬಾಡಿಗೆ ಕೋಣೆಯ ಬಾಗಿಲಾಚೆ ಕುಳಿತಿದ್ದೆ. ನಾನೂ ನಕ್ಕು, ನಿನ್ನನ್ನು ಮುಟ್ಟದಂತೆ ಮೇಲಿನಿಂದ ರೊಟ್ಟಿ ಹಾಕಿದ್ದೆ.

ಇವತ್ತು ಪರದೆಯಾಚೆ ನೀನೇ ಕುಳಿತಂತಿತ್ತು, ಮಡಿಲಲ್ಲಿ ಅದೇ ತಟ್ಟೆ.

"ಆಯ್ತು, ಎದ್ದೇಳಿ" ಎಂದರು ರಮ್ಯ.

"ಒಳಗ ಬಾ ಅವ್ವಾ" ಎಂದೆ.